ಪೊಟ್ಟಣದಲ್ಲೇ ಉಳಿದ ಬ್ರಷ್

"ಈ ಸ್ಕೋಪ್ ಒಣಗಿಹೋಗಿದೆ. ರೋಗಿ ಹೊಟ್ಟೆಯಿಂದ ತೆಗೆದ ಕೂಡ್ಲೇ ನೀರು ಹಾಯಿಸ್ಬೇಕು ಅಂತ ನಿಮಗೆ ಯಾರೂ ಹೇಳ್ಲಿಲ್ವಾ?"

ಹೊಟ್ಟೆಯೊಳಗೆ ಕ್ಯಾಮೆರಾ ಕೊಳವೆ ಇಳಿಸಿ ನೋಡುವ ಎಂಡೋಸ್ಕೋಪಿ ವಿಭಾಗದ ತೊಳೆಯುವ ಕೋಣೆಯಲ್ಲಿ, ಸ್ಕೋಪ್ ತೊಳೆಯುವ ಅವಳು ಅವನಿಗೆ ಆಡಿದ ಮೊದಲ ಮಾತೇ ಬೈಗುಳ.

ಹೊಸದಾಗಿ ಸೇರಿದ್ದ ಆ ನರ್ಸ್ ಮುನಿಸಿಕೊಳ್ಳಲಿಲ್ಲ. "ಹೇಳಿಕೊಡಿ, ಕಲೀತೀನಿ" ಎಂದ.

ಗಂಡು ನರ್ಸ್‌ಗಳನ್ನು ಕರೆಯುವ ಹಾಗೆ ಎಲ್ಲರೂ ಅವನನ್ನು 'ಬ್ರದರ್' ಎನ್ನುತ್ತಿದ್ದರು. ಅವಳ ಬಾಯಿಗೆ ಮಾತ್ರ ಆ ಮಾತು ಬರಲಿಲ್ಲ...

ಒಂದು ವರ್ಷ ಪ್ರತಿ ಸ್ಕೋಪನ್ನೂ ಅವನೇ ತಂದುಕೊಟ್ಟ. ಅವಳು ಉದ್ದನೆಯ ಕೊಳವೆಯೊಳಗೆ ಬ್ರಷ್ ತೂರಿಸಿ ಉಜ್ಜುವಾಗ ಎರಡು ಮಾತಾಡಿ ಹೋಗುತ್ತಿದ್ದ.

ಆಮೇಲೆ ಹೊಸ ಸಿಸ್ಟರ್ ಬಂದಳು.

ಈಗ ಸ್ಕೋಪ್ ತರುವವಳು ಆ ಸಿಸ್ಟರ್. ಗಾಜಿನಾಚೆ ಅವನು ಅವಳಿಗೆ ಏನೋ ತೋರಿಸುವುದು, ಇಬ್ಬರೂ ನಗುವುದು... ನೋಡಿ ನೋಡಿ ಇವಳ ಹೊಟ್ಟೆ ಉರಿಯುತ್ತಿತ್ತು.

'ನಗಲಿ, ನನಗೇನಂತೆ?' ಎಂದುಕೊಂಡಳು. ಕಿವಿ ಮಾತ್ರ ಆ ಕಡೆಗೇ.

"ಪಾತ್ರೆ ಯಾಕೆ ಹಾಗೆ ಕುಕ್ತೀಯ? ಯಾರ ಮೇಲೆ ಕೋಪ?" ಎಂದು ಮನೆಯಲ್ಲಿ ಅಕ್ಕ ಕೇಳಿದಳು.

"ಯಾರ ಮೇಲೂ ಇಲ್ಲಕ್ಕ."

ಮರುದಿನ ಬೆಳಿಗ್ಗೆ ಸ್ಕೋಪ್ ಉಜ್ಜುತ್ತಿದ್ದಾಗ ಹೊರಗೆ ಸಿಸ್ಟರ್ ದನಿ ಕೇಳಿಸಿತು. "ಹೇಳಿಬಿಡಿ, ಎಷ್ಟು ದಿನ ಮುಚ್ಚಿಡ್ತೀರಿ?"

"ಸಂಜೆ ಹೇಳ್ತೀನಿ" ಎಂದ ಅವನು.

ಹಾಗಾದರೆ ಅವರಿಬ್ಬರ ಮದುವೆ ನಿಶ್ಚಯವಾಗಿದೆ! ಕೈ ತನ್ನಷ್ಟಕ್ಕೆ ಕೆಲಸ ಮಾಡಿತು, ಸ್ಕೋಪ್ ಸೋಂಕು ತೆಗೆಯುವ ಯಂತ್ರಕ್ಕೆ ಹೋಯಿತು, ಅಲ್ಲಿಂದ ಒಣಗಿ ಡಾಕ್ಟರ ಕೋಣೆಗೂ ಹೋಯಿತು.

ಆಗ ಅವಳ ಕಣ್ಣಿಗೆ ಬಿತ್ತು... ಸ್ಕೋಪಿನ ತೂತುಗಳ ಬಾಯಿ ಉಜ್ಜುವ ಸಣ್ಣ ಬ್ರಷ್ ಬಿಚ್ಚದ ಪೊಟ್ಟಣದಲ್ಲೇ ಇತ್ತು.

ಒಳಗೆ ಕೊಳೆ ಉಳಿದರೆ ಯಂತ್ರದ ಔಷಧಿಯೂ ಅದರಲ್ಲಿನ ರೋಗಾಣುಗಳನ್ನು ಕೊಲ್ಲುವುದಿಲ್ಲ. ಒಬ್ಬರ ಸೋಂಕು ಇನ್ನೊಬ್ಬರ ಹೊಟ್ಟೆಗೆ.

ಓಡಿದಳು. ಮೇಜಿನ ಮೇಲೆ ಒಬ್ಬ ಅಜ್ಜಿ ಮಗ್ಗುಲಾಗಿ ಮಲಗಿದ್ದರು. ಡಾಕ್ಟರ ಕೈಯಲ್ಲಿ ಸ್ಕೋಪ್.

"ನಿಲ್ಲಿಸಿ ಡಾಕ್ಟ್ರೇ. ಅದನ್ನ ನಾನು ಸರಿಯಾಗಿ ತೊಳೆದಿಲ್ಲ."

ಆ ಸಿಸ್ಟರ್ ಎದುರಿಗೇ ಹೇಳಬೇಕಾಯಿತು. ನಾಚಿಕೆಯಿಂದ ಮುಖ ಕಾದುಹೋಯಿತು.

ಡಾಕ್ಟರ್ ಸ್ಕೋಪ್ ಕೆಳಗಿಟ್ಟರು. "ಬೇರೆ ತನ್ನಿ. ಆಗಿದ್ದನ್ನ ಬರೆದುಕೊಡಿ. ಬಂದು ಹೇಳಿದ್ದು ಒಳ್ಳೇದಾಯ್ತು."

ಸ್ವಲ್ಪ ಹೊತ್ತಿಗೆ ಅವನು ಆ ಸ್ಕೋಪ್ ಹಿಡಿದು ಬಂದ. "ನಿಮ್ಮ ಕೈ ತಪ್ಪಿದ್ದು ನಾನು ಯಾವತ್ತೂ ನೋಡಿಲ್ಲ. ಇವತ್ತೇನಾಯ್ತು?"

"ನಿಮ್ಮಿಂದಾನೇ ಆಗಿದ್ದು." ಮಾತು ಜಾರಿತು. "ಹೋಗಿ, ಸಂಜೆ ಎಲ್ಲರಿಗೂ ಹೇಳಿ. ಜೋಡಿ ಚೆನ್ನಾಗಿದೆ."

ಅವನು ಸ್ಕೋಪನ್ನು ತೊಟ್ಟಿಯಲ್ಲಿಟ್ಟ.

"ಸಿಸ್ಟರ್ ನನ್ನ ಕೆಲಸ ಕಲೀತಿದ್ದಾರೆ, ಅಷ್ಟೆ. ಇಲ್ಲಿಗೆ ಇನ್ನೊಬ್ಬರು ಬೇಕಂತ ನೀವು ಎಷ್ಟು ಸಲ ಕೇಳಿದ್ರಿ? ನಾನೇ ಬರ್ತೀನಂತ ಅರ್ಜಿ ಕೊಟ್ಟಿದ್ದೀನಿ. ಅದನ್ನೇ ಸಂಜೆ ನಿಮಗೆ ಹೇಳೋಣಾಂತ..."

"ತೊಳೆಯೋಕಾ?"

"ನಿಮ್ಮ ಪಕ್ಕದಲ್ಲಿ ನಿಲ್ಲೋಕೆ. ಇಷ್ಟ ಅಂತ ಬಾಯಿಬಿಟ್ಟು ಹೇಳೋಕೆ ಧೈರ್ಯ ಬರ್ಲಿಲ್ಲ. ಅರ್ಜಿ ಬರೆಯೋದೇ ಸುಲಭ ಅನ್ನಿಸ್ತು."

ಅವಳ ಕಣ್ಣು ತುಂಬಿತು. ಆದರೂ ಬಿಡಲಿಲ್ಲ. "ಮತ್ತೆ ಅಷ್ಟೊಂದು ನಗು ಯಾತಕ್ಕೆ?"

"ಸಿಸ್ಟರ್ ನಿಮ್ಮ ಹೆಸರು ಹಿಡಿದು ನನ್ನನ್ನ ರೇಗಿಸ್ತಿದ್ರು."

ಅವಳು ತಲೆ ತಗ್ಗಿಸಿ ಗ್ಲೌಸಿನ ಡಬ್ಬ ಅವನತ್ತ ತಳ್ಳಿದಳು.

"ಇದನ್ನ ಮೊದಲಿಂದ ತೊಳೀಬೇಕು."

"ಇಬ್ಬರೂ?"

"ಇಬ್ಬರೂ."