ಬಿಸಿಲು ಕಾಣದ ಬನೀನು

ಸುಣ್ಣದ ಕೋಣೆಯ ಬಾಗಿಲು ತೆರೆದ ಭೀಮಶಾ ಮೊದಲು ಕಂಡದ್ದು ಬೂಟು. ಆಮೇಲೆ ಕಾಲು. ಆಮೇಲೆ ರಕ್ತ.

ಭೀಮಶಾ ಬಸವಕಲ್ಯಾಣದ ಕೋಟೆ ಮೈದಾನದ ಕಾವಲುಗಾರ. ಭಾನುವಾರ ಫುಟ್‌ಬಾಲ್ ಫೈನಲ್. ಗೆರೆ ಹಾಕಲು ಸುಣ್ಣ ಎಷ್ಟಿದೆ ನೋಡೋಣವೆಂದು ಗುರುವಾರ ಸಂಜೆ ಬಂದಿದ್ದ. ಚೀಲದ ಮೇಲೆ ಬೋರಲು ಬಿದ್ದಿದ್ದವರು ರೆಫ್ರಿ ಶಂಶುದ್ದೀನ್ ಮಾಸ್ತರು. ತಲೆಯ ಹಿಂಭಾಗ ಒಡೆದಿತ್ತು. ಪಕ್ಕದಲ್ಲಿ ಮೈದಾನದ ಮೂಲೆಗೆ ನೆಡುವ ಬಾವುಟದ ಕೋಲು ಬಿದ್ದಿತ್ತು. ಪುಣ್ಯಕ್ಕೆ ಉಸಿರಾಡುತ್ತಿದ್ದರು.

ಪಿ.ಎಸ್.ಐ. ವೈಜಿನಾಥ ಬರುವ ಹೊತ್ತಿಗೆ ಅರ್ಧ ಊರು ಅಲ್ಲಿ ನೆರೆದಿತ್ತು.

"ಮಾಸ್ತರ ಮುಷ್ಟಿ ನೋಡ್ರಿ ಸಾಹೇಬ್ರ. ಏನೋ ಹಿಡದಾರ," ಎಂದ ಪೇದೆ ಲಾಲಪ್ಪ.

ಬಿಗಿ ಮುಷ್ಟಿಯನ್ನು ಅವನೇ ಬಿಡಿಸಿದ. ಒಳಗೊಂದು ಬಟ್ಟೆಯ ತುಂಡು. ಬಿಳಿ ಬನೀನಿನದು. ಅದರ ಮೇಲೆ ಕಂದು ಬಣ್ಣದ 'ಹ', ಅದರ ಪಕ್ಕ ಅರ್ಧ 'ಲ'. ವೈಜಿನಾಥ ಕಾಗದದ ಲಕೋಟೆ ಚಾಚಿದ. ಲಾಲಪ್ಪ ತುಂಡನ್ನು ಎರಡು ಬೆರಳಲ್ಲಿ ಹಿಡಿದು ಒಳಗೆ ಹಾಕಿದ.

ಉಳಿದ ಅಕ್ಷರಗಳನ್ನು ಯಾರೂ ಹೇಳಬೇಕಾಗಿರಲಿಲ್ಲ. ಹಲ್ಕಟ್. ಆ ಮಾತು ಈಗ ಎರಡು ತಾಲೂಕಿಗೆ ಬಾಯಿಪಾಠ.

"ಒಬ್ಬಾಂವ ಓಡಿಹೋಗೋದು ಗೇಟಿನಿಂದ ಕಂಡೀನ್ರಿ," ಎಂದ ಭೀಮಶಾ. "ಮಾರಿಗಿ ಟವಲ್ ಕಟ್ಟಿದ್ದ. ಎದಿ ಬನೀನು ಹರದಿತ್ತು, ಉಳದದ್ದು ಅದೇ ಮಾತಿನ ಅರ್ಧ. ಖಂದಕದ ಕಡಿ ಹೋದ."

"ಹುಮನಾಬಾದ್‌ನವರೇ!" ಎಂದು ಗುಂಪು ಕೂಗಿತು.

* * *

ಈ ಬೈಗುಳದ ಹುಟ್ಟು ಹೇಳದೆ ಕಥೆ ಮುಂದೆ ಹೋಗುವುದಿಲ್ಲ.

ಹೋದ ವರ್ಷದ, ೧೯೭೭ರ ಫೈನಲ್. ಹುಮನಾಬಾದ್ ತಂಡದ ಹಿಂದೆ ದುಬಲಗುಂಡಿ, ನಿರ್ಣಾ ಕಡೆಯ ಕುರಿ ಕಾಯುವವರು, ಕೂಲಿ ಮಾಡುವವರು ಲಾರಿ ಹತ್ತಿ ಬಂದಿದ್ದರು. ಕುರ್ಚಿಗಳು ಕಲ್ಯಾಣದ ದೊಡ್ಡವರಿಗೆ. ಇವರು ಗೆರೆಯ ಪಕ್ಕ ನಿಂತು ಗಂಟಲು ಹರಿಯುವ ಹಾಗೆ ಕೂಗಿದರು. ಆಟ ನಡೆಸುವ ಸಂಘದ ಸೆಕ್ರೆಟರಿ ಸೂರ್ಯಕಾಂತನಿಗೆ ತಲೆ ಕೆಟ್ಟಿತು. ಮೈಕು ಹಿಡಿದು, "ಏ ಹಲ್ಕಟ್ ಮಕ್ಕಳ್ರಾ, ಹಿಂದ ಸರೀರ್ಲೇ!" ಎಂದ. ಕುರ್ಚಿಯವರು ಹೊಟ್ಟೆ ಹಿಡಿದು ನಕ್ಕರು. ನಿಂತವರು ಲಾರಿ ಹತ್ತಿ ಊರಿಗೆ ಹೋದರು.

ಈ ವರ್ಷ ಮತ್ತೆ ಬಂದರು. ಪ್ರತಿಯೊಬ್ಬನ ಮೈಮೇಲೂ ಬಿಳಿ ಬನೀನು. ಎದೆಯ ಮೇಲೆ 'ಹಲ್ಕಟ್'. ಬೆನ್ನ ಮೇಲೆ 'ಹಿಂದ ಸರಿಯಂಗಿಲ್ಲ'. ನನ್ನನ್ನು ಕೇಳಿದರೆ ಅದು ಬೈಗುಳವಲ್ಲ, ರಸೀದಿ. ನೀವು ಕೊಟ್ಟದ್ದು ಮುಟ್ಟಿದೆ ಎಂದು ತಿಳಿಸುವ ರಸೀದಿ.

ಸೂರ್ಯಕಾಂತ ಕೆಂಡವಾದ. ಫೈನಲ್‌ಗೆ ಬನೀನಿನವರನ್ನು ಒಳಗೆ ಬಿಡುವುದಿಲ್ಲ ಎಂದ. ಆಗ ಅಡ್ಡ ನಿಂತವರು ಶಂಶುದ್ದೀನ್ ಮಾಸ್ತರು. "ನೋಡೋರು ಏನ್ ಹಾಕ್ಕೋಬೇಕು ಅಂತ ಯಾವ ರೂಲೂ ಇಲ್ಲ. ಅವರನ್ನ ಹೊರಗ ಹಾಕಿದ್ರ ನಾ ಸೀಟಿ ಊದಂಗಿಲ್ಲ," ಎಂದರು.

ಅದೇ ಮಾಸ್ತರು ಸೆಮಿಫೈನಲ್‌ನಲ್ಲಿ ಹುಮನಾಬಾದ್ ವಿರುದ್ಧ ಪೆನಾಲ್ಟಿ ಕೊಟ್ಟು, ಗೋಲ್‌ಕೀಪರ್ ತುಳಜಾರಾಮನನ್ನು ಹೊರಗೆ ಕಳಿಸಿದ್ದರು. ಹುಮನಾಬಾದ್ ಹೇಗೋ ಗೆದ್ದು ಫೈನಲ್ ಸೇರಿತು; ಆದರೂ ಬನೀನಿನವರು ಮಾಸ್ತರಿಗೂ ಬಾಯಿತುಂಬ ಬೈದಿದ್ದರು. ಹೀಗೆ ಮಾಸ್ತರ ಮೇಲೆ ಎರಡೂ ಕಡೆಯವರಿಗೆ ಸಿಟ್ಟಿತ್ತು. ನ್ಯಾಯವಂತರ ಪಾಡು ಯಾವಾಗಲೂ ಇಷ್ಟೇ.

* * *

ಆ ರಾತ್ರಿಯೇ ಕಲ್ಯಾಣದ ಬಸ್‌ಸ್ಟ್ಯಾಂಡಿನಲ್ಲಿ ಪಂಡರಿ ಸಿಕ್ಕಿಬಿದ್ದ. ದುಬಲಗುಂಡಿಯ ಕುರಿಗಾರ. ಬನೀನಿನ ಉಪಾಯ ಹೂಡಿದವನೇ ಅವನು. ಕುರಿ ಮಾರಲು ಬಂದಿದ್ದನಂತೆ. ಮೈಮೇಲೆ ಅಂಗಿ, ಕಂಬಳಿ. ಬನೀನು ಇರಲಿಲ್ಲ.

"ಬನೀನು ಎಲ್ಲದ?" ಎಂದ ವೈಜಿನಾಥ.

"ಮರಿ ಹಾಕ್ಕೊಂಡದ್ರಿ."

"ಯಾವ ಮರಿ?"

"ಕುರಿಮರಿ. ಈ ವಾರ ಹುಟ್ಟ್ಯಾದ. ಥಂಡಿಗಿ ನಡುಗಾಕತ್ತಿತ್ತು. ಬಿಚ್ಚಿ ಅದಕ್ಕ ಹಾಕೀನಿ."

ಲಾಲಪ್ಪ ನಕ್ಕ ರಭಸಕ್ಕೆ ಟೋಪಿ ಕೆಳಗೆ ಬಿತ್ತು. ಠಾಣೆಗೆ ಠಾಣೆಯೇ ನಕ್ಕಿತು.

ಪಂಡರಿ ನಗಲಿಲ್ಲ. "ಖರೇ ಹೇಳಿದ್ರ ನಗ್ತೀರಿ. ಸುಳ್ಳು ಹೇಳಿದ್ರ ಬಡೀತೀರಿ. ಏನ್ ಹೇಳಬೇಕು ನೀವೇ ಹೇಳ್ರಿ."

ಶುಕ್ರವಾರ ಬೆಳಿಗ್ಗೆ ಸೂರ್ಯಕಾಂತ ಠಾಣೆಗೆ ಬಂದ. ಮೈಗೆ ಅಂಟಿದ ಟೆರಿಲಿನ್ ಅಂಗಿ, ಜೇಬಿನಲ್ಲಿ ಪೆನ್ನು, ಇಸ್ತ್ರಿಯ ಗೆರೆ. ಅದೇ ಅವನ ಠೀವಿ.

"ಉಳಿದವರೆಲ್ಲಾ ಹುಮನಾಬಾದ್ ಠಾಣಾದಾಗ ತಮ್ಮ ತಮ್ಮ ಬನೀನು ತೋರ್ಸ್ಯಾರಂತ. ಇವನದೊಂದೇ ಇಲ್ಲ. ಇನ್ನೇನ್ ಬೇಕ್ರಿ ಸಾಹೇಬ್ರ? ಕೊಲಿ ಮಾಡಾಕ ಬಂದಿದ್ದ ಅಂತ ಕೇಸ್ ಹಾಕ್ರಿ. ಆ ಮಂದಿನ್ನ ಊರೊಳಗ ಬಿಡಬ್ಯಾಡ್ರಿ. ರೆಫ್ರಿ ಚಿಂತಿ ಬ್ಯಾಡ, ನಮ್ಮಾಂವ ಒಬ್ಬ ಅದಾನ."

ಕೊಲೆ ಯತ್ನದ ಕೇಸು ಬಿದ್ದರೆ ಪಂಡರಿಗೆ ವರ್ಷಗಟ್ಟಲೆ ಜೈಲು. ಮನೆಯಲ್ಲಿ ತಾಯಿ ಧೂಳಮ್ಮ ಒಬ್ಬಳೇ. ವೈಜಿನಾಥ ಎದ್ದ. ಬುಲೆಟ್ ಹತ್ತಿ ದುಬಲಗುಂಡಿಯ ದಾರಿ ಹಿಡಿದ.

* * *

ಹಟ್ಟಿಯ ಮೂಲೆಯಲ್ಲಿ ಒಂದು ಕರಿ ಮರಿ. ಮುಂಗಾಲುಗಳು ತೋಳಿನಿಂದ ಹೊರಗೆ ಬಂದಿದ್ದವು. ಬನೀನಿನ ತುದಿಗೆ ಹೊಟ್ಟೆಯ ಕೆಳಗೆ ಗಂಟು. ಹಿಂದುಮುಂದಾಗಿ ತೊಡಿಸಿದ್ದರಿಂದ ಬೆನ್ನ ಮೇಲೆ ದಪ್ಪ ಕರಿ ಅಕ್ಷರ: ಹಲ್ಕಟ್.

ವೈಜಿನಾಥನಿಗೆ ನಗು ಬಂತು. ಅದರ ಹಿಂದೆಯೇ ನಾಚಿಕೆಯೂ ಬಂತು. ಬನೀನು ಎಲ್ಲೂ ಹರಿದಿರಲಿಲ್ಲ.

"ಆಯಿ, ಇದನ್ನ ಬರದವರು ಯಾರು?"

"ನಾನೇ," ಎಂದಳು ಧೂಳಮ್ಮ. "ಪಂಡರಿ ಇದ್ದಿಲಿಲೆ ಗೆರಿ ಹೊಡದ. ಅದರ ಮ್ಯಾಲ ನಾ ಕಡ್ಡಿಲೆ ಬಿಬ್ಬಾದ ರಸ ತೀಡಿನಿ. ಎಲ್ಲಾ ಬನೀನೂ ನಂದೇ ಕೈಯಿಂದು."

ಬಿಬ್ಬಾ ಅಂದರೆ ಕೇರುಬೀಜ. ಅಗಸರು ಬಟ್ಟೆಗೆ ಗುರುತು ಹಾಕುವುದು ಅದರಿಂದಲೇ. ಒಮ್ಮೆ ಹಿಡಿದರೆ ಬಟ್ಟೆ ಹರಿದರೂ ಕಲೆ ಹೋಗುವುದಿಲ್ಲ.

"ಏನ್ ಬರದೀ ಅಂತ ಗೊತ್ತದ ಏನು?"

"ಓದಾಕ ಬರಂಗಿಲ್ಲ. ಆದ್ರ ಆ ಮಾತು ಗೊತ್ತದ. ಹೊಲದಾಗ, ಸಂತ್ಯಾಗ, ನನಗೂ ಅಂದಾರ. ಅದಕ್ಕೇ ಭಾಳ ದಪ್ಪಗೆ ಬರದೀನಿ."

ವೈಜಿನಾಥ ತಲೆ ತಗ್ಗಿಸಿದ. ಆಮೇಲೆ ಕೇಳಿದ. "ಬರದ ಮ್ಯಾಲ?"

"ಸುಣ್ಣದ ನೀರಾಗ ಅದ್ದೀನಿ. ಹಾದಿ ಮಗ್ಗಲ ಬೇಲಿ ಮ್ಯಾಲ ಬಿಸಿಲಿಗಿ ಹಾಕೀನಿ. ಹೋಗೋರು ಬರೋರು ನಕ್ಕರು. ನಗವಲ್ರ್ಯಾಕ. ಮ್ಯಾಲ ಹಳ್ಳದಾಗ ಒಗದೀನಿ. ನನ್ನ ಮಗ ಬಡಿಯೋ ಪೈಕಿ ಅಲ್ಲ ಸಾಹೇಬಾ. ಬೈತಾನ. ಎದ್ರಿಗಿ ನಿಂತು ಬೈತಾನ."

* * *

ಶನಿವಾರ ಬೆಳಿಗ್ಗೆ ಲಾಲಪ್ಪ ಸೆಲ್ಯೂಟ್ ಹೊಡೆಯಲಿಲ್ಲ. ಬಲಗೈ ಗಾಳಿಯಲ್ಲಿ ಅಲ್ಲಾಡಿಸುತ್ತಿದ್ದ.

"ಬೆರಳು ಉರಿಯಾಕತ್ತಾವ್ರಿ. ನಿನ್ನಿ ತುರಿಸಿದ್ವು, ಇವತ್ತ ಬೊಬ್ಬಿ ಎದ್ದಾವ. ಯಾವ ಸುಡುಗಾಡು ಮುಟ್ಟೀನೋ!"

ಹೆಬ್ಬೆರಳು, ತೋರುಬೆರಳು. ಎರಡರ ತುದಿಯಲ್ಲೂ ನೀರು ತುಂಬಿದ ಗುಳ್ಳೆ. ವೈಜಿನಾಥ ಕುರ್ಚಿಯಿಂದ ಎದ್ದ. ಅವನು ಹತ್ತಿರದ ಹಳ್ಳಿ ಮಂಠಾಳದಲ್ಲಿ ಬೆಳೆದವನು. ಒಡೆದ ಹಿಮ್ಮಡಿಗೆ ಅವ್ವ ಬಿಬ್ಬಾ ಸುಟ್ಟು ಹಚ್ಚುವಾಗ, "ದೂರ ಸರಿ, ಬೊಬ್ಬಿ ಏಳ್ತಾವ," ಎನ್ನುತ್ತಿದ್ದದ್ದು ನೆನಪಾಯಿತು. ಮೇಜಿನ ಲಕೋಟೆಯನ್ನು ಬೆಳಕಿಗೆ ಹಿಡಿದ. ಒಳಗಿನಿಂದ ಎಣ್ಣೆಯಂಥ ಕಂದು ಕಲೆ ಕಾಗದಕ್ಕೂ ಹತ್ತಿತ್ತು.

ಆಸ್ಪತ್ರೆಗೆ ಓಡಿದ. ಶಂಶುದ್ದೀನ್ ಮಾಸ್ತರಿಗೆ ಎಚ್ಚರವಾಗಿತ್ತು. ಅವರ ಬಲ ಅಂಗೈಯಲ್ಲೂ ಅದೇ ಗುಳ್ಳೆ.

"ಹೊಡೆದಾಂವ ಪಂಡರಿ ಏನ್ರಿ ಮಾಸ್ತರ?"

"ಹೌದು ಅಂತ ಹ್ಯಾಂಗ ಹೇಳ್ಲಿ? ಅಲ್ಲ ಅಂತ ಹ್ಯಾಂಗ ಹೇಳ್ಲಿ? ಬಾವುಟದ ಕೋಲು ಎಣಸಾಕ ಕೋಣ್ಯಾಗ ಹೋಗಿದ್ದೆ, ಹಿಂದಿಂದ ಹೊಡದ. ಹೊಳ್ಳಿ ಎದಿ ಬನೀನು ಹಿಡದೆ. ಮಾರಿ ಕಾಣಲಿಲ್ಲ. ಕಾಣದ ಫೌಲಿಗಿ ನಾ ಸೀಟಿ ಊದಂಗಿಲ್ಲ."

ತುಂಡು ಮುಟ್ಟಿದವರಿಗೇ ಹೀಗಾದರೆ ಬನೀನು ತೊಟ್ಟವನ ಎದೆ ಹೇಗಿರಬೇಕು? ವೈಜಿನಾಥ ಠಾಣೆಗೆ ಬಂದು ಪಂಡರಿಯ ಅಂಗಿ ಬಿಚ್ಚಿಸಿದ. ಎದೆ ತೊಳೆದ ಬಂಡೆಯ ಹಾಗಿತ್ತು. ಒಂದು ಗೀರೂ ಇಲ್ಲ.

ಹಾಗಾದರೆ ಗುಳ್ಳೆ ಯಾರ ಮೈಮೇಲೆ? ಮೊದಲ ಸಂಶಯ ತುಳಜಾರಾಮನ ಮೇಲೆ. ಹುಮನಾಬಾದ್‌ಗೆ ಹೋಗಿ ನೋಡಿದರೆ ಅವನ ಬೆರಳುಗಳಿಗೆ ಪಟ್ಟಿ! ಪಟ್ಟಿ ಬಿಚ್ಚಿಸಿದ. ಚೆಂಡು ತಡೆದು ಉಳುಕಿದ ಬೆರಳು. ಗುಳ್ಳೆ ಇಲ್ಲ. ಅಂಗಿ ಎತ್ತಿಸಿದ. ಎದೆಯೂ ಚೊಕ್ಕ.

"ಪೆನಾಲ್ಟಿ ತಪ್ಪು ಅಂತ ಇವತ್ತೂ ಅಂತೀನಿ," ಎಂದ ತುಳಜಾರಾಮ. "ಆದ್ರ ಮಾಸ್ತರ ಮ್ಯಾಲ ಕೈ ಎತ್ತಿದಾಂವ ನನ್ನ ಕೈಗಿ ಸಿಕ್ರ ಬಿಡಂಗಿಲ್ಲ."

ಬರಿಗೈಯಲ್ಲಿ ಠಾಣೆಗೆ ಮರಳಿದಾಗ ಸೂರ್ಯಕಾಂತ ಕಾಯುತ್ತಿದ್ದ. ಇವತ್ತು ಟೆರಿಲಿನ್ ಇಲ್ಲ. ದೊಗಳೆ ಮಲ್‌ಮಲ್ ಜುಬ್ಬಾ. ಮೈಯಿಂದ ಕೊಬ್ಬರಿ ಎಣ್ಣೆಯ ವಾಸನೆ. ಪುಷ್ಯದ ಚಳಿಗೆ ಲಾಲಪ್ಪ ಮಫ್ಲರ್ ಸುತ್ತಿಕೊಂಡಿದ್ದರೆ ಈ ಮಹಾಶಯ ಜುಬ್ಬಾದ ಕೊರಳು ಎಳೆದು ಹಿಡಿದು ಗಾಳಿ ಹಾಕಿಕೊಳ್ಳುತ್ತಿದ್ದ.

"ಭಾಳ ಸೆಖಿ ಅದಲ್ರಿ," ಎಂದ. "ನಾಳಿ ಆ ಹಲ್ಕಟ್ ಮಂದಿ ಬರಬಾರದು. ಹುಕುಂ ಆಗ್ಯಾದಲ್ಲ?"

"ನಾಳಿ ಎಲ್ಲಾ ಬರೋಬರಿ ಮಾಡ್ತೀನ್ರಿ," ಎಂದ ವೈಜಿನಾಥ.

* * *

ಭಾನುವಾರ ಮೈದಾನ ತುಂಬಿ ತುಳುಕಿತು. ಗೇಟಿನಲ್ಲಿ ಪೊಲೀಸರು ಯಾರನ್ನೂ ತಡೆಯಲಿಲ್ಲ. ಬನೀನಿನವರು ನೆಟ್ಟಗೆ ಬಂದು ಗೆರೆಯ ಪಕ್ಕ ನಿಂತರು. ಧೂಳಮ್ಮ ಕಂಕುಳಲ್ಲಿ ಮರಿ ಹಿಡಿದು ಎಲ್ಲರಿಗಿಂತ ಮುಂದೆ ನಿಂತಳು. ಕೈಗೆ ಬೇಡಿ ತೊಟ್ಟ ಪಂಡರಿಯನ್ನು ಲಾಲಪ್ಪ ವೇದಿಕೆಯ ಹತ್ತಿರ ತಂದು ನಿಲ್ಲಿಸಿದ. ತಲೆಗೆ ಪಟ್ಟಿ ಸುತ್ತಿಕೊಂಡ ಮಾಸ್ತರು ಒಂದು ಕುರ್ಚಿಯಲ್ಲಿದ್ದರು.

ವೇದಿಕೆಯಲ್ಲಿ ಹಾರ ಹಾಕುವ ಕಾರ್ಯಕ್ರಮ. ಹಾರ ಕಂಡರೆ ಸಾಕು, ಸೂರ್ಯಕಾಂತ ಎರಡು ಗೇಣು ಕೊರಳು ಚಾಚುವ ಪೈಕಿ. ಇವತ್ತು ಹಿಂದೆ ಸರಿದ. ಹಾರವನ್ನು ಕೈಯಲ್ಲೇ ಇಸಿದುಕೊಂಡು ಮೇಜಿನ ಮೇಲಿಟ್ಟ.

ವೈಜಿನಾಥನಿಗೆ ಅಷ್ಟೇ ಬೇಕಿತ್ತು. ವೇದಿಕೆ ಹತ್ತಿದ.

"ಸೆಕ್ರೆಟರಿ ಸಾಹೇಬ್ರ, ಕಳ್ಳ ಸಿಕ್ಕ! ಮುಬಾರಕ್!"

ಎರಡೂ ತೋಳು ಅಗಲಿಸಿ, ಹಬ್ಬದ ದಿನ ತಬ್ಬಿಕೊಳ್ಳುವ ಹಾಗೆ ಎದೆಗೆ ಎದೆ ಒತ್ತಿ ಗಟ್ಟಿಯಾಗಿ ಅಪ್ಪಿಕೊಂಡ.

ಸೂರ್ಯಕಾಂತ ಚೀರಿದ. ಮೈಕು ಪಕ್ಕದಲ್ಲೇ ಇತ್ತು. ಆ ಚೀರು ಕೋಟೆಗೆ ಬಡಿದು ಮರಳಿ ಬಂತು.

"ಯಾಕ್ರಿ, ಏನಾಯ್ತು?" ಎನ್ನುತ್ತಲೇ ವೈಜಿನಾಥ ಜುಬ್ಬಾದ ಗುಂಡಿ ಕಿತ್ತು ಅಗಲಿಸಿದ.

ಸೂರ್ಯಕಾಂತನ ಎದೆಯ ಮೇಲೆ ಕೆಂಪು ಗುಳ್ಳೆಗಳ ಸಾಲು. ಸಾಲಲ್ಲ, ಅಕ್ಷರ. ಈ ಭುಜದಿಂದ ಆ ಭುಜದವರೆಗೆ ದಪ್ಪಗೆ, ಸ್ಪಷ್ಟವಾಗಿ: ಹಲ್ಕಟ್.

ವೈಜಿನಾಥ ಲಕೋಟೆ ತೆಗೆದು, ಬಟ್ಟೆಯ ತುಂಡನ್ನು ಚಿಮಟದಲ್ಲಿ ಹಿಡಿದು ಎದೆಯ ಹತ್ತಿರ ತಂದ. ತುಂಡಿನ 'ಹ' ಎದೆಯ 'ಹ'ದ ಮೇಲೆ ಅಚ್ಚು ಕೂತಿತು. ಆಮೇಲೆ ಮೈಕಿನತ್ತ ತಿರುಗಿದ.

"ಎಲ್ಲಾರೂ ಕೇಳ್ರಿ. ಮಾಸ್ತರು ಇರೋತನಕ ಈ ಮಂದಿನ್ನ ಹೊರಗ ಹಾಕಾಕ ಆಗ್ತಿರಲಿಲ್ಲ. ಅದಕ್ಕ ಇವರು ಒಂದೇ ಏಟಿಗಿ ಎರಡು ಕೆಲಸ ಮಾಡಾಕ ಹೋದರು. ಮಾಸ್ತರು ದವಾಖಾನಿಗಿ, ಬನೀನಿನವರು ಜೈಲಿಗಿ. ಬಣ್ಣ ಬ್ಯಾರೆ ಆದ್ರ ಸಿಗತೀನಿ ಅಂತ ಬಿಬ್ಬಾನೇ ತಂದು ತಾವೇ ಬರಕೊಂಡರು. ಆದ್ರ ಹಸಿ ಬಿಬ್ಬಾ ಮೈ ಸುಡ್ತದ. ಸುಣ್ಣದಾಗ ಅದ್ದಿ ಕರ್ರಗ ಮಾಡಬೇಕು, ಬಿಸಿಲಿಗಿ ಹಾಕಬೇಕು, ಒಗಿಬೇಕು. ಧೂಳಮ್ಮಾಯಿ ಹಾದಿ ಮಗ್ಗಲ ಬೇಲಿ ಮ್ಯಾಲ ಹಾಕಿದಳು, ಯಾರ್ಗೂ ಅಂಜಲಿಲ್ಲ. ಇವರು ಆ ಮಾತನ್ನ ತಮ್ಮ ಅಂಗಳದ ಹಗ್ಗದ ಮ್ಯಾಲ ಹ್ಯಾಂಗ ಹಾಕ್ತಾರ? ಮಂದಿಗಿ ಮೈಕಿನಾಗ ಅನ್ನಾಕ ನಾಚಿಕಿ ಇರಲಿಲ್ಲ. ತಮ್ಮ ಮನಿ ಮುಂದ ಒಣಗಿಸಾಕ ನಾಚಿಕಿ ಬಂತು. ಹಸೀದೇ ತೊಟ್ಟರು."

"ನನ್ನ ಮೈದಾನ ಇದು!" ಎಂದು ಸೂರ್ಯಕಾಂತ ಒದರಿದ. "ಈ ಮಂದಿ ನನ್ನ ಮರ್ಯಾದಿ ತಗದರು! ಆ ಮಾಸ್ತರ ಅವರ ಪರ ನಿಂತ!"

ಅದೇ ಒಪ್ಪಿಗೆಯಾಯಿತು. ಲಾಲಪ್ಪ ಉರಿವ ಬೆರಳಲ್ಲೇ ಪಂಡರಿಯ ಬೇಡಿ ಬಿಚ್ಚಿ ಸೂರ್ಯಕಾಂತನ ಕೈಗೆ ತೊಡಿಸಿದ. "ನಿನ್ನ ಮರಿಗಿ ನಕ್ಕೀನಿ, ತಪ್ಪಾಯ್ತಪ್ಪಾ," ಎಂದು ಪಂಡರಿಗೆ ಅಂದ.

ಪಂಡರಿ ಮಣಿಕಟ್ಟು ಉಜ್ಜಿಕೊಳ್ಳುತ್ತ ಸೂರ್ಯಕಾಂತನ ಮುಂದೆ ಬಂದು ನಿಂತ. ಹೊಡೆಯುತ್ತಾನೆಂದು ಎಲ್ಲರೂ ಕಾದರು. ಅವನು ಆ ಎದೆಯನ್ನು ನಿಧಾನವಾಗಿ ಓದಿದ.

"ನಮ್ಮದು ಬನೀನು ಬಿಚ್ಚಿದ್ರ ಹೋಗ್ತದ್ರಿ ಸೆಕ್ರೆಟರಿ ಸಾಹೇಬ್ರ," ಎಂದ. "ನಿಮ್ಮದು ಹ್ಯಾಂಗ ಬಿಚ್ಚತೀರಿ?"

ಮಾಸ್ತರು ತಮ್ಮ ಕೊರಳಿನ ಸೀಟಿಯನ್ನು ತೆಗೆದು ಬೇರೊಬ್ಬ ರೆಫ್ರಿಗೆ ಕೊಟ್ಟರು. ಕುರ್ಚಿ ಬಿಟ್ಟು ಎದ್ದು, ತಲೆಯ ಪಟ್ಟಿ ಹಿಡಿದುಕೊಂಡು ನಡೆದು, ಗೆರೆಯ ಪಕ್ಕ ಧೂಳಮ್ಮನ ಮಗ್ಗುಲಲ್ಲಿ ನಿಂತರು.

"ಆಟ ಶುರು ಮಾಡಬೇಕು, ಸ್ವಲ್ಪ ಹಿಂದ ಸರೀರಿ," ಎಂದು ಸಂಘದವನೊಬ್ಬ ಮೆಲ್ಲಗೆ ಕೇಳಿದ. ಈ ಸಲ 'ರಿ' ಹಚ್ಚಿ ಕೇಳಿದ.

ಧೂಳಮ್ಮ ಮರಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿದಳು. "ಗೆರಿ ತುಳದೀವೇನು ನೋಡು," ಎಂದಳು. ಅವನು ಬಗ್ಗಿ ನೋಡಿದ. ಯಾರ ಕಾಲೂ ಸುಣ್ಣದ ಗೆರೆಯ ಮೇಲೆ ಇರಲಿಲ್ಲ. ಸೀಟಿ ಕೂಗಿತು. ಯಾರೂ ಹಿಂದೆ ಸರಿಯಲಿಲ್ಲ.