ಸೇತುವೆಯ ಕೆಳಗೆ ಬಂದ ವಂಶವೃಕ್ಷ

ಬುಧವಾರ ಬೆಳಿಗ್ಗೆ 8.40ಕ್ಕೆ ಕಡಲತಡಿಯ ಊರು ಎಲ್ಮಿನಾದ ಠಾಣೆಗೆ ನಿವೃತ್ತ ಮೇಷ್ಟ್ರು ಕೊಬಿನಾ ಡೆ ಫ್ರೀಸ್ ಬಂದು, ತಮ್ಮ ಮರ ಕಳುವಾಗಿದೆ ಎಂದು ದೂರು ಕೊಟ್ಟರು.

"ಯಾವ ಮರ ಮೇಷ್ಟ್ರೇ? ಮಾವಿಂದೋ ತೆಂಗಿಂದೋ?" ಎಂದ ಇನ್‌ಸ್ಪೆಕ್ಟರ್ ಫುಸೇನಿ.

"ವಂಶವೃಕ್ಷ ಸಾರ್. ಈ ಊರಲ್ಲಿ ಡಚ್ ಹೆಸರು, ಜರ್ಮನ್ ಹೆಸರು ಇಟ್ಕೊಂಡಿರೋ ಅಷ್ಟೂ ಮನೆತನ ಅದರಲ್ಲಿತ್ತು. ಹದಿನಾಲ್ಕು ವರ್ಷದ ಕೆಲಸ. ಹನ್ನೆರಡು ಅಡಿ ಹಾಯಿಬಟ್ಟೆ ಮೇಲೆ ಬರೆಸಿದ್ದೆ."

ಫುಸೇನಿ ಉತ್ತರದ ತಮಾಲೆಯವನು. ಈ ಊರಿಗೆ ವರ್ಗವಾಗಿ ಮೂರು ವರ್ಷವಾಗಿತ್ತು. ಡಚ್ಚರು ಗಂಟುಮೂಟೆ ಕಟ್ಟಿ ನೂರೈವತ್ತು ವರ್ಷ ಕಳೆದರೂ ಅವರ ಹೆಸರಿನ ಜಂಬ ಮಾತ್ರ ಇಲ್ಲಿ ಇಳಿದಿಲ್ಲವೆಂದು ಅವನಿಗೆ ಮೊದಲ ವಾರವೇ ಗೊತ್ತಾಗಿತ್ತು. ಮನೆ, ದೋಣಿ, ಯಜಮಾನಿಕೆ ಎಲ್ಲ ಅಳಿಯಕಟ್ಟಿನಲ್ಲಿ ಸೋದರಳಿಯನಿಗೆ ಹೋಗುತ್ತದೆ. ಮಗನಿಗೆ ಅಪ್ಪನಿಂದ ಸಿಗುವುದು ಹೆಸರೊಂದೇ. ಇರುವುದೊಂದನ್ನೇ ಜನ ತಿಕ್ಕಿ ತಿಕ್ಕಿ ಹೊಳಪು ಮಾಡುತ್ತಿದ್ದರು.

"ಅದನ್ನ ಯಾರ್ಯಾರು ನೋಡಿದ್ರು?"

"ಯಾರೂ ಇಲ್ಲ. ಭಾನುವಾರ ಅನಾವರಣ. ಪರಮ ಗುಟ್ಟು."

"ಒಬ್ಬರೂ ನೋಡಿಲ್ಲ?"

"ಪಾದ್ರಿಗಳು ನೋಡಿದ್ರು. ಬಣ್ಣ ಬಳಿದವನು. ಔಷಧಿ ಅಂಗಡಿ ಹೆನ್ರಿಕ್ ವಾನ್ ಡಾಲೆನ್. ದೋಣಿ ಕ್ವಾಮೆನಾ ಹೆಸ್ಲಿಂಗ್. ಪಾದ್ರಿಗಳ ಹೆಂಡತಿ, ಅವರ ತಂಗಿ..."

ಕಾರ್ಪೊರಲ್ ಎಕುವಾ ಹದಿನೇಳು ಹೆಸರು ಬರೆದುಕೊಂಡು ಹಾಳೆ ತಿರುವಿದಳು.

9.15ಕ್ಕೆ ಎಫ್‌ಐಆರ್ ದಾಖಲಾಯಿತು. 10.30ಕ್ಕೆ ಚರ್ಚಿನ ಸಭಾಂಗಣದಲ್ಲಿ ಸ್ಥಳ ಪಂಚನಾಮೆ. ಬೀಗ ಭದ್ರ, ಕಿಟಕಿ ತೆರೆದಿತ್ತು. ಮಂಗಳವಾರ ಮಧ್ಯಾಹ್ನ ಹನ್ನೆರಡರಿಂದ ಮೂರರೊಳಗೆ ಕಳವು. ನೆಲದ ಮೇಲೆ ಮೀನಿನ ಹುರುಪೆ ಸಿಕ್ಕಿತು. ಈ ಊರಲ್ಲಿ ಅದು ಪಾದ್ರಿಗಳ ಪೀಠದ ಮೇಲೂ ಸಿಗುತ್ತದೆಂದು ಎಕುವಾ ಅದನ್ನು ಬರೆಯಲಿಲ್ಲ. ಆದರೆ ಮರವನ್ನು ಬಿಗಿದಿದ್ದ ಎಂಟು ಹಗ್ಗಗಳೂ ಅಲ್ಲೇ ಇದ್ದವು. ಒಂದನ್ನೂ ಕತ್ತರಿಸಿರಲಿಲ್ಲ. ಗಂಟು ಬಿಚ್ಚಿ, ಒಂದೊಂದನ್ನೂ ಸುರುಳಿ ಸುತ್ತಿ ಸಾಲಾಗಿ ಇಡಲಾಗಿತ್ತು.

"ಇದು ದೋಣಿಯವರ ಕೈ ಸಾರ್," ಎಂದಳು ಎಕುವಾ. "ಕದಿಯೋಕೆ ಬಂದ್ರೂ ಹಗ್ಗ ಸುತ್ತಿಡದೆ ಹೋಗೋಕೆ ಅವರಿಗೆ ಮನಸ್ಸು ಬರಲ್ಲ."

"ಹಾಗಾದ್ರೆ ಮಂಗಳವಾರ ದಡದಲ್ಲಿದ್ದ ದೋಣಿಯವರು ಎಷ್ಟು ಜನ?"

"ಮಂಗಳವಾರ ಕಡಲದೇವರ ದಿನ, ಯಾರೂ ಕಡಲಿಗೆ ಇಳಿಯೋ ಹಾಗಿಲ್ಲವಲ್ಲ ಸಾರ್. ಅಷ್ಟೂ ಜನ ದಡದಲ್ಲೇ."

ಕೈಗಿಂತ ಕಾರಣ ಹುಡುಕುವುದು ಸುಲಭವೆಂದು ಫುಸೇನಿ ಮೇಷ್ಟ್ರನ್ನೇ ಮತ್ತೆ ಹಿಡಿದ. ಮರದಲ್ಲಿ ಯಾರಿಗಾದರೂ ಉರಿಯುವಂಥದ್ದು ಏನಿತ್ತು? ಮೇಷ್ಟ್ರು ಸಂತೋಷದಿಂದ ಹೇಳಿದರು. ವಾನ್ ಡಾಲೆನ್ ಎಂಬ ಡಚ್ ಗುಮಾಸ್ತ ಮಕ್ಕಳಿಲ್ಲದೆ ಸತ್ತವನು. ಅವನು ಹೆಸರು ಕೊಟ್ಟು ಸಾಕಿದ ಮಗು, ಡಚ್ಚರ ಸಂಬಳಕ್ಕಿದ್ದ ಜರ್ಮನ್ ಸಿಪಾಯಿ ಹೆಸ್ಲಿಂಗ್‌ನ ಎರಡನೆಯ ಮನೆಯದು. ಅಂದರೆ ವಾನ್ ಡಾಲೆನ್‌ಗಳೂ ಹೆಸ್ಲಿಂಗ್‌ಗಳೂ ಒಬ್ಬನೇ ಸಿಪಾಯಿಯ ಸಂತಾನ. ಹೆಸ್ಲಿಂಗ್‌ಗಳಿಗೆ ಇದರಿಂದ ಹೋಗುವುದೇನಿಲ್ಲ, ಜಂಬ ಇಳಿಯುವುದು ವಾನ್ ಡಾಲೆನ್‌ಗಳದೇ.

ಮಧ್ಯಾಹ್ನ ಎರಡಕ್ಕೆ ಹೆನ್ರಿಕ್ ವಾನ್ ಡಾಲೆನ್‌ನ ವಿಚಾರಣೆ.

"ಮರ ನೋಡಿದಾಗ ಏನನ್ನಿಸ್ತು?"

"ಈ ಮೂಗು ನೋಡಿ ಸಾರ್. ಗುಮಾಸ್ತನ ಮೂಗು ಅಂತ ನಮ್ಮಪ್ಪ ಹೇಳ್ತಿದ್ರು. ಅವನ ಗೋರಿಗೆ ನಾನು ನಲವತ್ತು ವರ್ಷ ಸುಣ್ಣ ಹೊಡೆದಿದೀನಿ. ಈಗ ನೋಡಿದ್ರೆ ಅದು ಯಾರದೋ ಗೋರಿಯಂತೆ."

"ಅದಕ್ಕೇ ಕದ್ರಾ?"

"ನಾನಾಗಿದ್ರೆ ಸುಡ್ತಿದ್ದೆ. ಕದ್ದು ಮನೇಲಿಟ್ಕೊಳ್ಳೋಕೆ ಅದೇನು ಬೆಳ್ಳಿ ತಟ್ಟೆಯಾ?"

ಫುಸೇನಿ ಗಂಟು ಹಾಕಿದ ಹಗ್ಗವೊಂದನ್ನು ಮೇಜಿನ ಮೇಲಿಟ್ಟು ಬಿಚ್ಚಲು ಹೇಳಿದ. ಹೆನ್ರಿಕ್ ಐದು ನಿಮಿಷ ಗುದ್ದಾಡಿ ಕತ್ತರಿ ಕೇಳಿದ. ಅವನನ್ನು ಮನೆಗೆ ಕಳಿಸಿದರು.

ಗುರುವಾರ ಹದಿಮೂರು ಸಾಕ್ಷಿಗಳ ಹೇಳಿಕೆ ಬರೆದುಕೊಂಡದ್ದಾಯಿತು. ಹದಿಮೂರು ಜನರೂ ತಮ್ಮ ತಮ್ಮ ಮುತ್ತಜ್ಜ ಕ್ಯಾಪ್ಟನ್ ಆಗಿದ್ದನೆಂದು ಬರೆಸಿ ಸಹಿ ಹಾಕಿದರು. ಪ್ರಕರಣ ಮಾತ್ರ ಒಂದಿಂಚೂ ಸರಿಯಲಿಲ್ಲ.

ಶುಕ್ರವಾರ ಮಧ್ಯಾಹ್ನ 3.20ಕ್ಕೆ ಸೇತುವೆಯ ಮೇಲೆ ಗಲಾಟೆಯೆಂದು ಕರೆ ಬಂತು. ಫುಸೇನಿ ಓಡಿಬಂದು ನೋಡಿದರೆ, ಕಡಲಿನಿಂದ ಅಳಿವೆಯೊಳಗೆ ಒಂದು ದೋಣಿ ಬರುತ್ತಿತ್ತು. ಅದರ ಹಾಯಿ ಗಾಳಿ ತುಂಬಿ ಉಬ್ಬಿತ್ತು, ಹಾಯಿಯ ತುಂಬ ಕೊಂಬೆ, ಕೊಂಬೆಯ ತುಂಬ ಹೆಸರು. ಮಾರುಕಟ್ಟೆಯ ಅರ್ಧ ಜನ ಕಟಕಟೆಗೆ ಜೋತುಬಿದ್ದು ಓದುತ್ತಿದ್ದರು.

"ನಮ್ಮಜ್ಜ ಎಲ್ಲೇ?"

"ಆ ತೇಪೆ ಪಕ್ಕದಲ್ಲಿದಾನೆ ನೋಡು. ಮೂರು ಹೆಂಡ್ರು ಬರೆದಿದಾರೆ."

"ಮೂರಾ? ಮನೇಲಿ ಎರಡೇ ಅಂದಿದ್ರಲ್ಲ."

ಮೇಷ್ಟ್ರು ಕೋಲು ಬೀಸುತ್ತ ದೋಣಿಯತ್ತ ಕೂಗುತ್ತಿದ್ದರು. "ಇಳಿಸಬೇಡ್ರೋ. ಇನ್ನೊಂದು ಸುತ್ತು ಬನ್ನಿ, ಎಡಗಡೆ ಕೊಂಬೆ ಯಾರೂ ಓದಿಲ್ಲ."

ದೋಣಿ ನಡೆಸುತ್ತಿದ್ದವನು ಕ್ವಾಮೆನಾ ಹೆಸ್ಲಿಂಗ್‌ನ ಸೋದರಳಿಯ ಫಿಫಿ, ಮೂವತ್ತು ದಾಟಿದ ಗಂಡಸು.

"ಇದು ಎಲ್ಲಿ ಸಿಕ್ತು?"

"ಮಾವನ ಕೊಟ್ಟಿಗೇಲಿ ಹಾಯಿಗಳ ಅಡಿಯಲ್ಲಿತ್ತು ಸಾರ್. ಹಳೇ ಹಾಯಿ ಹರಿದು ಎರಡಾಯ್ತು, ಇದನ್ನ ಏರಿಸಿದೆ."

"ಮೇಲೆ ಇಷ್ಟು ಬರೆದಿದೆ, ಓದಲಿಲ್ವಾ?"

"ನಾನು ಗಾಳಿ ನೋಡ್ತಿದ್ದೆ ಸಾರ್."

4.30ಕ್ಕೆ ಹಾಯಿಯನ್ನು ಜಪ್ತಿ ಮಾಡಿ ಫುಸೇನಿ, ಎಕುವಾ ಇಬ್ಬರೂ ಕ್ವಾಮೆನಾನ ಮನೆಗೆ ಹೋದರು. ಅರವತ್ತಾರರ ಮುದುಕ ಅಂಗಿ ತೊಟ್ಟು, ಕಾಯುತ್ತ ಕುಳಿತಿದ್ದ. ಮೇಜಿನ ಮೇಲೆ ಹೊಸ ಬಟ್ಟೆಯಲ್ಲಿ ಸುತ್ತಿದ ಎರಡು ಶ್ನಾಪ್ಸ್ ಮದ್ಯದ ಬಾಟಲಿಗಳಿದ್ದವು. ಹೆಣ್ಣು ಕೇಳಲು ಹೋಗುವವರು ಆ ಎರಡು ಬಾಟಲಿ ಹಿಡಿದೇ ಬಾಗಿಲು ತಟ್ಟಬೇಕು.

"ಯಾರ ಮನೆಗೆ ಅಜ್ಜ?"

"ಹೆನ್ರಿಕ್ ಮನೆಗೆ. ಅವನ ತಂಗಿ ಅರಾಬಾನ ಕೇಳೋಕೆ. ನಾಳೆ ಸಂಜೆ ಐದಕ್ಕೆ ಅಂತ ಮಾತಾಗಿತ್ತು."

ಅರಾಬಾ ಮೀನು ಹೊಗೆಯಾಡಿಸುವ ವಿಧವೆ, ಅರವತ್ತೆರಡು. ಊರೆಲ್ಲ ಅವಳಿಗೆ ಹೆದರುತ್ತದೆ.

"ಅದಕ್ಕೂ ಕಳ್ಳತನಕ್ಕೂ ಏನು ಸಂಬಂಧ?"

"ನಲವತ್ತೊಂದು ವರ್ಷದ ಹಿಂದೆ ಅದೇ ಬಾಗಿಲು ತಟ್ಟಿದ್ದೆ ಸಾರ್. ಸಿಪಾಯಿ ರಕ್ತಕ್ಕೆ ಗುಮಾಸ್ತನ ರಕ್ತ ಕೊಡಲ್ಲ ಅಂತ ಅವರಪ್ಪ ಬಾಟಲಿ ವಾಪಸ್ ಕೊಟ್ರು. ಈಗ ಮೇಷ್ಟ್ರು ಮರದಲ್ಲಿ ರಕ್ತ ಒಂದೇ ಅಂತ ಬರೆದಿದಾರೆ. ಭಾನುವಾರ ಊರೆಲ್ಲ ಅದನ್ನ ಓದಿದ್ರೆ, ನಾಳೆ ಹೂಂ ಅಂದವರೂ ಬಾಟಲಿ ವಾಪಸ್ ಕೊಡ್ತಾರೆ."

"ನಿಮ್ಮಲ್ಲಿ ಕುಲ ತಾಯಿ ಕಡೆಯಿಂದ ಅಲ್ವಾ? ನಿಮ್ಮಮ್ಮನ ಕುಲ ಬೇರೆ, ಅವರಮ್ಮನದು ಬೇರೆ. ಐದು ತಲೆ ಹಿಂದಿನ ಸಿಪಾಯಿ ಯಾವ ಲೆಕ್ಕ?"

"ಆವತ್ತೂ ಕುಲ ಅಡ್ಡ ಬಂದಿರಲಿಲ್ಲ ಸಾರ್. ಬೇಡ ಅನ್ನೋರಿಗೆ ನೆಪ ಸಾಕು. ಮದುವೆ ಆದ ಮೇಲೆ ಮರನ ವಾಪಸ್ ಕಟ್ಟಿ ಬರ್ತಿದ್ದೆ. ಹಗ್ಗ ಅಲ್ಲೇ ಬಿಟ್ಟಿದ್ದೂ ಅದಕ್ಕೇ."

ಫುಸೇನಿಗೆ ಪಾಪವೆನಿಸಿತು. ಆದರೂ ಕಾನೂನು ಕಾನೂನೇ. 5.05ಕ್ಕೆ ಬಂಧನ. ಜಾಮೀನಿಗೆ ಯಾರಿಗೂ ಹೇಳಿ ಕಳಿಸುವುದು ಬೇಡವೆಂದು ಮುದುಕ ಲಾಕಪ್ಪಿನಲ್ಲಿ ಮಗ್ಗುಲಾದ. ದಿನಚರಿಯ ಕಾರಣದ ಅಂಕಣದಲ್ಲಿ ಫುಸೇನಿ ಬರೆದ: "ಹಿಂದೆ ಬೇರೆ ರಕ್ತವೆಂದು ನಿರಾಕರಣೆ. ಈಗ ಒಂದೇ ರಕ್ತವೆಂದು ನಿರಾಕರಿಸುವರೆಂಬ ಭಯ."

ಶನಿವಾರ ಬೆಳಿಗ್ಗೆ 9.10ಕ್ಕೆ ಅರಾಬಾ ತನ್ನ ಹೊಗೆಮನೆಯ ಪತ್ರ ಹಿಡಿದು ಠಾಣೆಗೆ ಬಂದಳು. ಹಿಂದೆ ಹೆನ್ರಿಕ್, ಹರಳೆಣ್ಣೆ ಕುಡಿದ ಮುಖ. ಎಕುವಾ ಜಾಮೀನಿನ ನಮೂನೆ ತುಂಬತೊಡಗಿದಳು.

"ಆರೋಪಿಗೂ ನಿಮಗೂ ಏನು ಸಂಬಂಧ ಅಮ್ಮ?"

"ಸದ್ಯಕ್ಕೆ ಒಬ್ಬನೇ ಸಿಪಾಯಿ ಸಂತಾನ ಅಂತ ಬರ್ಕೋ. ಸಂಜೆ ಐದರ ಮೇಲಾದ್ರೆ ಬೇರೆ ಬರೀಬೇಕಾಗುತ್ತೆ."

ಸಹಿ ಹಾಕಿ ಅವಳು ನೇರ ಲಾಕಪ್ಪಿಗೆ ಹೋಗಿ, ಸರಳನ್ನು ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟಿದಳು.

"ನಾನು ತಟ್ಟಿದ್ದಾಯ್ತು ಕ್ವಾಮೆನಾ. ಸಂಜೆ ನೀನು ಬಂದು ತಟ್ಟು. ಈ ಸಲ ಬಾಗಿಲು ತೆಗಿಯೋಳು ನಾನೇ."

ಮುದುಕ ಎದ್ದು ನಿಂತ. ಸರಳು ಹಿಡಿದು ಕೇಳಿದ: "ಮರ ಓದಿದ್ಯಾ?"

"ಸೇತುವೆ ಮೇಲೇ ಇದ್ದೆ. ನಿನ್ನ ಮೂಗೂ ನಮ್ಮಣ್ಣನ ಮೂಗೂ ಒಂದೇ ಅಂತ ಇಪ್ಪತ್ತೊಂದು ವರ್ಷದವಳಿದ್ದಾಗಲೇ ನಿಂಗೆ ಹೇಳಿರಲಿಲ್ವಾ? ನೀನೂ ಕೇಳಲಿಲ್ಲ, ಅಪ್ಪನೂ ಕೇಳಲಿಲ್ಲ."

ಫುಸೇನಿ ಸರಳಿನಾಚೆಯ ಮೂಗನ್ನು ನೋಡಿದ, ಆಮೇಲೆ ಈಚೆಯದನ್ನು ನೋಡಿದ. ಹೆನ್ರಿಕ್ ತನ್ನದನ್ನು ಕರವಸ್ತ್ರದಿಂದ ಮುಚ್ಚಿಕೊಂಡ. ಎಕುವಾ ಬೀಗ ತೆಗೆದಳು.