ಇಟಲಿಯಲ್ಲಿ ಹೇಳಬೇಕಿದ್ದ ಮಾತು

"ಹನಿಮೂನಿಗೆ ಎರಡು ರೂಮಾ, ಸ್ವರೂಪ್?"

ಬಾಂಗ್ಸಾರ್‌ನ ಕೆಫೆಯಲ್ಲಿ ಶನಿವಾರದ ಬೆಳಗು. ಕಾಫಿ ಹೇಳಿ ಬಂದು ಕೂತ ಸ್ವರೂಪನ ನಗು ಅರ್ಧಕ್ಕೇ ನಿಂತಿತು. ಅವನ ಲ್ಯಾಪ್‌ಟಾಪ್ ಶರ್ಮಿಳಾಳ ಮುಂದೆ ತೆರೆದೇ ಇತ್ತು.

"ನನ್ನ ಗೊರಕೆ ಜೋರು ಮಾರಾಯ್ತಿ. ನಿನಗೆ ನಿದ್ದೆ ಬೇಡ್ವಾ ಲಾ?" ಎಂದ, ಇಲ್ಲಿಯ ಮಲಯ್ ಮಾತಿನ ಬಾಲ ಸೇರಿಸಿ.

ಮದುವೆಗೆ ಇನ್ನೆರಡು ತಿಂಗಳು. ಮದುವೆಯ ಮರುವಾರವೇ ಇಟಲಿಯ ಪುಟ್ಟ ಮೀನುಗಾರರ ಹಳ್ಳಿಗೆ ಹೊರಡುವುದೆಂದು ಇಬ್ಬರೂ ಸೇರಿ ನಿಶ್ಚಯಿಸಿದ್ದರು. ಗುಲಾಬಿ, ಹಳದಿ ಮನೆಗಳು. ಕೆಳಗೆ ಕಡಲು, ಮೇಲೆ ಇಗರ್ಜಿ. ನಲವತ್ತು ದಾಟಿದ ಮೇಲೆ ಸಿಕ್ಕ ಪ್ರೀತಿಗೆ ಇಷ್ಟು ಆಡಂಬರವಾದರೂ ಬೇಡವೇ ಎಂದು ಅವನೇ ಅಂದಿದ್ದ.

ಮಾತಾಡುವಾಗ ಅವಳ ಮುಖದಲ್ಲೇ ನೆಟ್ಟಿರುತ್ತಿದ್ದ ಅವನ ಕಣ್ಣುಗಳು ಇಂದು ಮೇಜನ್ನು ಬಿಟ್ಟು ಏಳಲಿಲ್ಲ.

"ಇಗರ್ಜಿಗೆ ಹತ್ತುವ ಪ್ಲಾನೂ ತೆಗೆದುಹಾಕಿದ್ದಿ."

"ಮುನ್ನೂರು ಮೆಟ್ಟಿಲು. ನಿನ್ನ ಕಾಲು ನೋಯ್ತದೆ."

"ನನ್ನ ಕಾಲಾ?" ಶರ್ಮಿಳಾ ಮೆಲ್ಲಗೆ ಕೇಳಿದಳು. "ಡಾಕ್ಟರ್ ಎಂತ ಹೇಳಿದ್ರು?"

ಅವನು ಎಡಗೈಯಿಂದ ಲ್ಯಾಪ್‌ಟಾಪನ್ನು ತನ್ನ ಕಡೆಗೆ ಸರಿಸಿಕೊಂಡ.

"ಆರು ತಿಂಗಳಿಂದ ಬಲಗೈ ಜೇಬಲ್ಲೇ ಇಟ್ಕೊಳ್ತಿ. ಮೆಡಿಕಲ್ ಕಾಲೇಜಿನಲ್ಲಿ ನಾನು ಪಾಠ ಮಾಡೋದೇ ನರರೋಗದ್ದು, ಸ್ವರೂಪ್. ನೀನೇ ಹೇಳ್ತಿ ಅಂತ ಕಾದೆ."

"ಪಾರ್ಕಿನ್ಸನ್ಸ್," ಎಂದ ಅವನು, ಬೇರೆ ಯಾರದೋ ಹೆಸರು ಹೇಳುವಂತೆ. "ನಿದ್ದೆಯಲ್ಲಿ ಕೈಕಾಲು ಬಡೀತೇನೆ. ಮೊನ್ನೆ ಮಂಚದ ಪಕ್ಕದ ದೀಪ ಒಡೆದೇ ಹೋಯ್ತು. ಅಲ್ಲಿ ನೀನಿದ್ದಿದ್ರೆ? ಇಟಲಿಯಲ್ಲಿ ಎಲ್ಲ ಹೇಳ್ಬೇಕು ಅಂತಿದ್ದೆ."

"ತಾಳಿ ಕಟ್ಟಿದ ಮೇಲಾ?"

"ಹೇಳಿದ್ರೆ ನೀನು ಹೋಗ್ತಿ ಅಂತ ಹೆದರಿಕೆ."

ಸಿಟ್ಟಿಗೆ ಅವಳ ಕಣ್ಣು ತುಂಬಿತು. ಪಕ್ಕದ ಮೇಜಿನವರು ತಿರುಗಿ ನೋಡಿದರೂ ಅವಳು ಕಣ್ಣೊರೆಸಿಕೊಳ್ಳಲಿಲ್ಲ.

"ಅದು ಮೋಸ, ಸ್ವರೂಪ್."

"ಹೌದು. ಮೋಸವೇ."

ಕಾಫಿ ಬಂತು, ತಣಿಯಿತು.

"ಹೋಗೋಳಾಗಿದ್ರೆ," ಕೊನೆಗೆ ಅವಳೆಂದಳು, "ಆರು ತಿಂಗಳ ಹಿಂದೆಯೇ ಹೋಗ್ತಿದ್ದೆ."

ಸ್ವರೂಪ್ ತಲೆಯೆತ್ತಿದ. ಬಲಗೈಯನ್ನು ಹೊರತೆಗೆದು, ಮೊದಲ ಬಾರಿಗೆ, ಮೇಜಿನ ಮೇಲೆ ಇಟ್ಟ. ಅದು ನಡುಗಿತು. ಅವಳು ಅದನ್ನು ಅದುಮಿ ಹಿಡಿಯಲಿಲ್ಲ. ತನ್ನ ಅಂಗೈಯನ್ನು ಕೆಳಗೆ ಹಾಸಿ, ನಡುಗಲು ಬಿಟ್ಟಳು.

"ಮುಂದೆ ತುಂಬ ಕಷ್ಟ ಉಂಟು, ಶರ್ಮಿಳಾ."

"ನಿನಗಿಂತ ನನಗೇ ಚೆನ್ನಾಗಿ ಗೊತ್ತುಂಟು." ಇನ್ನೊಂದು ಕೈಯಿಂದ ಅವಳು ಲ್ಯಾಪ್‌ಟಾಪನ್ನು ತನ್ನತ್ತ ಎಳೆದುಕೊಂಡಳು. "ಮೆಟ್ಟಿಲು ಹತ್ತುವ. ನಿನ್ನಿಂದ ಆಗುವಾಗಲೇ ಹತ್ತುವ, ನಿಧಾನಕ್ಕೆ. ರೂಮು ಮಾತ್ರ ಒಂದೇ. ಮಂಚ ಬೇಕಾದ್ರೆ ಎರಡಿರಲಿ."